ಐಡಿವಿ: ಪಾಲಿಸಿಯಲ್ಲಿ ಮೊದಲು ನೋಡಬೇಕಾದ ಸಂಖ್ಯೆ

ಕಳೆದ ಮಳೆಗಾಲದ ಒಂದು ರಾತ್ರಿ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದ ಕಾರಿನ ಮೇಲೆ ಹಲಸಿನ ಮರದ ಕೊಂಬೆ ಮುರಿದು ಬಿತ್ತು. ಬೆಳಗ್ಗೆ ನೋಡಿದರೆ ಟಾಪು ಸ್ಟೇರಿಂಗಿನವರೆಗೆ ತಗ್ಗಿತ್ತು, ಸೀಟಿನ ತುಂಬ ಗಾಜಿನ ಪುಡಿ, ಹಲಸಿನೆಲೆ, ನೀರು. ಅಪ್ಪಯ್ಯನಿಗೆ 71 ವರ್ಷ, ಕಾರಿಗೆ 9. ಪೇಟೆಗೊಂದು ಸಲ, ತಿಂಗಳಿಗೊಮ್ಮೆ ಶಿವಮೊಗ್ಗದ ಡಾಕ್ಟರ ಹತ್ತಿರ, ಅಷ್ಟೇ ಅದರ ಓಡಾಟ. "ಫುಲ್ ಇನ್ಶೂರೆನ್ಸ್ ಇದೆಯಲ್ಲ, ತಲೆಬಿಸಿ ಬೇಡ" ಅಂದರು. ಪಾಲಿಸಿ ತೆಗೆದು ನೋಡಿದ ಮೇಲೆ ತಲೆಬಿಸಿ ಶುರುವಾಯಿತು. ಅದರಲ್ಲಿ ಐಡಿವಿ ಎಂಬ ಮೂರಕ್ಷರದ ಎದುರು 1,20,000 ಎಂದಿತ್ತು. ಅಂಥದೇ ಕಾರು ನಮ್ಮೂರಲ್ಲಿ 1,80,000ಕ್ಕೆ ಕೈ ಬದಲಾಗುತ್ತಿತ್ತು.

ಐಡಿವಿ ಅಂದರೆ ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ. ನಿಮ್ಮ ಕಾರಿಗೆ ಆ ವರ್ಷ ಇಷ್ಟು ಬೆಲೆ ಎಂದು ನೀವೂ ಕಂಪನಿಯೂ ಒಪ್ಪಿಕೊಂಡ ಮೊತ್ತ. ಕಾರು ಕಳುವಾದರೆ, ಅಥವಾ ಪಾಲಿಸಿ ನಿಯಮದಂತೆ ಲೆಕ್ಕ ಹಾಕಿದ ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ, ಕಂಪನಿ ಕೊಡುವುದು ಇದೇ ಮೊತ್ತ. ನಮ್ಮಲ್ಲಿ ಹಾನಿ ಅಳೆಯಲು ಬಂದ ವಿಮೆಯ ಸರ್ವೇಯರ್ ಬರೆದ ರಿಪೇರಿ ಲೆಕ್ಕ 92,000. 1,20,000ದ ಮುಕ್ಕಾಲು ಪಾಲು 90,000. ಎರಡು ಸಾವಿರದ ಅಂತರದಲ್ಲಿ ಕಾರು 'ಟೋಟಲ್ ಲಾಸ್' ಆಯಿತು. ಐಡಿವಿ 1,80,000 ಇದ್ದಿದ್ದರೆ ಅದೇ ಕಾರು ರಿಪೇರಿಯಾಗಿ ಅಂಗಳಕ್ಕೆ ವಾಪಸ್ ಬರುತ್ತಿತ್ತು.

ಹೊಸ ಕಾರಿನಲ್ಲಿ ಈ ಲೆಕ್ಕ ಸಲೀಸು. ಶೋರೂಮ್ ಬೆಲೆಯಿಂದ ಮೊದಲ ಆರು ತಿಂಗಳಿಗೆ ಶೇ. 5, ವರ್ಷದೊಳಗೆ 15, ಎರಡನೇ ವರ್ಷ 20, ಆಮೇಲೆ 30, 40, ಐದನೇ ವರ್ಷಕ್ಕೆ 50 ಕಳೆಯುತ್ತಾರೆ. ಐದು ವರ್ಷ ದಾಟಿತೋ, ಪಟ್ಟಿ ಇಲ್ಲ. ಮಾತಾಡಿ ಒಪ್ಪಿಕೊಂಡದ್ದೇ ಐಡಿವಿ. ಹಿರಿಯರಿಗೆ ತೊಂದರೆಯಾಗುವುದು ಇಲ್ಲೇ. ಅವರ ಕಾರುಗಳು ಸಾಮಾನ್ಯವಾಗಿ ಹಳೆಯವು, ಪ್ರೀಮಿಯಂ ಕಡಿಮೆಯಾದರೆ ಸಾಕೆನ್ನುವ ಮನಸ್ಸು, ಏಜೆಂಟರು ಐಡಿವಿ ಇಳಿಸಿ ಅದನ್ನು ಕಡಿಮೆ ಮಾಡಿಕೊಡುತ್ತಾರೆ. ಅಪ್ಪಯ್ಯನಿಗೆ ಉಳಿದದ್ದು ಏಳುನೂರು ಚಿಲ್ಲರೆ. ಐಡಿವಿಯ ಆ ಸಂಖ್ಯೆ ಏನು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಇವತ್ತಿಗೂ ಅದು ನನಗೆ ನೋವು.

ವಯಸ್ಸಾಯಿತು, ಅದಕ್ಕೇ ಇನ್ಶೂರೆನ್ಸ್ ದುಬಾರಿ ಎಂದು ಹಲವರು ತಿಳಿದಿದ್ದಾರೆ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಗೆ ಚಾಲಕರ ವಯಸ್ಸು ಲೆಕ್ಕಕ್ಕಿಲ್ಲ, ಎಂಜಿನ್ ಸಿಸಿ ಮಾತ್ರ. 2022ರ ಜೂನ್ 1ರಿಂದ ಬಂದ ದರದಲ್ಲಿ 1000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1500ರವರೆಗೆ 3,416, ಜಿಎಸ್‌ಟಿ ಬೇರೆ. ಆದರೆ ಅದು ಎದುರಿನವರಿಗಾದ ಹಾನಿಗೆ. ನಿಮ್ಮ ಕಾರಿನ ಮೇಲೆ ಮರ ಬಿದ್ದರೆ, ಧರೆ ಕುಸಿದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಕಾರು ಐವತ್ತು ಸಾವಿರವೂ ಬಾಳದ ಸ್ಥಿತಿಯಲ್ಲಿದ್ದರೆ ಥರ್ಡ್ ಪಾರ್ಟಿ ಸಾಕು ಅನ್ನುವುದರಲ್ಲಿ ತಪ್ಪಿಲ್ಲ. ಆಸ್ಪತ್ರೆಗೆ ಹೋಗಲು ಅದೊಂದೇ ಗಾಡಿ ಎನ್ನುವ ಮನೆಯಲ್ಲಿ, ಅದೂ ಆಗುಂಬೆ, ಹೊಸನಗರದ ಕಡೆಯ ಮಳೆಯಲ್ಲಿ, ನಾನಂತೂ ಸ್ವಂತ ಹಾನಿಯ ವಿಮೆ ಬಿಡಬೇಡಿ ಅನ್ನುತ್ತೇನೆ. ಹಳ್ಳ ಉಕ್ಕಿ ಕಾರು ನೀರಲ್ಲಿ ನಿಂತರೆ ಕೀ ತಿರುಗಿಸಬೇಡಿ. ಎಂಜಿನ್ನಿಗೆ ನೀರು ಹೋಗಿದ್ದಾಗ ಸ್ಟಾರ್ಟ್ ಮಾಡಿ ಕೆಟ್ಟರೆ, ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ರಕ್ಷಣೆ ಇಲ್ಲದವರಿಗೆ ಆ ಹಣ ಸಿಗುವುದು ಕಷ್ಟ.

ಐಡಿವಿ ಎಷ್ಟೇ ಸರಿಯಿದ್ದರೂ, ಅಪಘಾತದ ದಿನ ಓಡಿಸುತ್ತಿದ್ದವರ ಲೈಸೆನ್ಸ್ ಅವಧಿ ಮುಗಿದಿದ್ದರೆ ಕ್ಲೇಮ್ ತಿರಸ್ಕಾರವಾಗಬಹುದು. 55 ದಾಟಿದವರಿಗೆ ಲೈಸೆನ್ಸ್ ನವೀಕರಣವಾಗುವುದು ಐದೈದು ವರ್ಷಕ್ಕೆ, ಡಾಕ್ಟರ ಸರ್ಟಿಫಿಕೇಟ್ ಸಮೇತ. ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತದೆ ಎಂದು ಮೊದಲಿದ್ದ ರಿಯಾಯಿತಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಹೋಯಿತು. ಮುಗಿಯುವ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು.

ಅಪ್ಪಯ್ಯ ಈಗ ಇನ್ನೊಂದು ಹಳೇ ಕಾರು ತಗೊಂಡಿದ್ದಾರೆ. ಪಾಲಿಸಿ ಬಂದ ದಿನ ಕನ್ನಡಕ ಹಾಕಿಕೊಂಡು, ಐಡಿವಿಯ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಲೈಸೆನ್ಸ್ ಮುಗಿಯುವ ತಾರೀಖು ಬರೆದಿಟ್ಟರು.