‘ಸ್ಲಿಪ್ ಹೊಡೀತಿದೆ’ ಅಂದ್ರೆ ಗಾಡೀಲಿ ಜಾರ್ತಿರೋದು ಏನು?

ಗಾಡಿ ಒಂದು ರೌಂಡ್ ಓಡಿಸ್ಕೊಂಡು ಬಂದ ಮೆಕ್ಯಾನಿಕ್ಕು ಕೀ ವಾಪಸ್ ಕೊಡ್ತಾ "ಸ್ಲಿಪ್ ಹೊಡೀತಿದೆ ಸಾರ್" ಅಂತಾರೆ, ನಾವು ಎಲ್ಲಾ ಅರ್ಥ ಆದವರ ಥರ ತಲೆ ಆಡಿಸಿ ನೇರವಾಗಿ "ಎಷ್ಟಾಗುತ್ತೆ" ಅನ್ನೋ ಪ್ರಶ್ನೆಗೆ ಬಂದುಬಿಡ್ತೀವಿ. ಜಾರ್ತಿರೋದು ಟೈರಾ, ಗೇರಾ, ಕ್ಲಚ್ಚಾ ಅಂತ ಕೇಳೋದೇ ಇಲ್ಲ. ಈ ಒಂದು ಪದದ ಕೆಳಗೆ ಮೂರ್ನಾಲ್ಕು ಬೇರೆಬೇರೆ ಕಾಯಿಲೆ ಅಡಗಿವೆ, ಅವುಗಳ ಖರ್ಚಿಗೂ ಅಜಗಜಾಂತರ ವ್ಯತ್ಯಾಸ ಇದೆ, ಹಾಗಾಗಿ ಈ ಪದವನ್ನ ಸ್ವಲ್ಪ ಬಿಡಿಸಿ ನೋಡೋಣ.

ಒದ್ದೆ ಕೈಯಲ್ಲಿ ಬಿಗಿಯಾಗಿರೋ ಡಬ್ಬಿ ಮುಚ್ಚಳ ತೆಗೆಯೋಕೆ ಹೋದ್ರೆ ಕೈ ತಿರುಗುತ್ತೆ, ಮುಚ್ಚಳ ತಿರುಗಲ್ಲ. ಸ್ಲಿಪ್ ಅಂದ್ರೆ ಅಷ್ಟೇ. ಇಂಜಿನ್ ತಿರುಗ್ತಾ ಇರುತ್ತೆ, ಆ ತಿರುಗುವಿಕೆ ಪೂರ್ತಿಯಾಗಿ ಚಕ್ರಕ್ಕೆ ಮುಟ್ಟೋದಿಲ್ಲ, ದಾರಿ ಮಧ್ಯೆ ಎಲ್ಲೋ ಎರಡು ಮೇಲ್ಮೈಗಳು ಒಂದನ್ನೊಂದು ಹಿಡಿದುಕೊಳ್ಳೋ ಬದಲು ಉಜ್ಜಾಡ್ತಾ ಇರ್ತವೆ. ಹಾಗೆ ಕಳೆದುಹೋದ ಶಕ್ತಿ ಎಲ್ಲಿಗೆ ಹೋಗುತ್ತೆ ಅಂದ್ರೆ ಬಿಸಿಯಾಗಿ ಹೋಗುತ್ತೆ. ಬಿಸಿ ಆದಷ್ಟೂ ಹಿಡಿತ ಕಮ್ಮಿ, ಹಿಡಿತ ಕಮ್ಮಿ ಆದಷ್ಟೂ ಇನ್ನೂ ಜಾರುತ್ತೆ, ಜಾರಿದಷ್ಟೂ ಇನ್ನೂ ಬಿಸಿ. ಸ್ಲಿಪ್ ಶುರುವಾದ ಗಾಡಿ ತನ್ನಷ್ಟಕ್ಕೆ ಸರಿಹೋಗದೆ ಇರೋದಕ್ಕೆ ಕಾರಣ ಈ ಸುತ್ತು.

ಮೊದಲೇ ಒಂದು ಮಾತು ಹೇಳ್ಬೇಕು, ಗೇರ್ ಅನ್ನೋದು ಜಾರೋ ವಸ್ತುವೇ ಅಲ್ಲ. ಅದು ಹಲ್ಲಿಗೆ ಹಲ್ಲು ಕಚ್ಚಿಕೊಂಡಿರೋ ಉಕ್ಕಿನ ಚಕ್ರ, ಹಲ್ಲು ಮುರೀಬಹುದು, ಸವೀಬಹುದು, ಜಾರೋಕೆ ಆಗಲ್ಲ. ಓಡ್ತಾ ಇರೋವಾಗ ಗೇರ್ ತಾನಾಗೇ ನ್ಯೂಟ್ರಲ್‌ಗೆ ಬಂದುಬಿಟ್ರೆ ಅದನ್ನೂ ಕೆಲವರು "ಗೇರ್ ಸ್ಲಿಪ್" ಅಂತಾರೆ, ಆದ್ರೆ ಅದು ಗೇರ್ ಎಗರೋದು, ಗೇರನ್ನ ಸರಿಸೋ ಒಳಗಿನ ಶಿಫ್ಟ್ ಫೋರ್ಕ್ ಸವೆದಿರಬಹುದು, ಗೇರನ್ನ ಜಾಗದಲ್ಲಿ ಹಿಡಿದಿಡೋ ಸ್ಪ್ರಿಂಗ್ ಸೋತಿರಬಹುದು, ಕೆಲವು ಸಲ ಇಂಜಿನ್ ಮೌಂಟಿಂಗ್ ಕಿತ್ತುಹೋಗಿದ್ರೂ ಹಾಗಾಗುತ್ತೆ. ಹಾಗೇ 2ನೇ ಗೇರ್‌ಗೆ ಹಾಕುವಾಗ ಕರ್ ಅಂತ ಸದ್ದು ಬಂದ್ರೆ ಅದು ಹಲ್ಲು ಕಚ್ಚೋ ಮೊದಲು ವೇಗ ಹೊಂದಿಸೋ ಸಿಂಕ್ರೊನೈಸರ್ ರಿಂಗ್ ಸವೆದಿರೋ ಲಕ್ಷಣ. ಮೌಂಟಿಂಗ್ ಒಂದು ಬಿಟ್ರೆ ಇವೆಲ್ಲ ಗೇರ್ ಬಾಕ್ಸ್ ಒಳಗಿನ ತೊಂದರೆ. ಮ್ಯಾನುಯಲ್ ಗಾಡೀಲಿ ಜಾರೋದು ಮಾತ್ರ ಗೇರ್ ಬಾಕ್ಸ್‌ಗೂ ಇಂಜಿನ್‌ಗೂ ಮಧ್ಯೆ ಕೂತು ಎರಡನ್ನೂ ಸೇರಿಸೋ, ಬಿಡಿಸೋ ಕ್ಲಚ್ ಪ್ಲೇಟ್.

ನಾನು ಇದನ್ನ ಕಲಿತಿದ್ದು ಹಣ ಕಳೆದುಕೊಂಡು. ಹಳೇ ಗಾಡಿ ಒಂದಿತ್ತು, ಏರು ಹತ್ತುವಾಗ ಎಳೀತಿರಲಿಲ್ಲ, ಪಿಕಪ್ ಇಲ್ಲ ಅಂತ ಒಂದು ವರ್ಕ್‌ಶಾಪ್‌ಗೆ ಕೊಟ್ಟೆ, ಅವರು ಏರ್ ಫಿಲ್ಟರ್ ಬದಲಾಯಿಸಿದ್ರು, ಸ್ಪಾರ್ಕ್ ಪ್ಲಗ್ ಬದಲಾಯಿಸಿದ್ರು, ಫ್ಯೂಯೆಲ್ ಲೈನ್ ಕ್ಲೀನ್ ಮಾಡಿದ್ರು, ಎರಡು ತಿಂಗಳು ಹೀಗೇ ಹೋಯ್ತು, ಗಾಡಿ ಹಾಗೇ ಇತ್ತು. ಕೊನೆಗೆ ಒಬ್ಬ ವಯಸ್ಸಾದ ಮೆಕ್ಯಾನಿಕ್ಕು ಪಕ್ಕದ ಸೀಟಲ್ಲಿ ಕೂತು "ಸ್ಪೀಡ್ ನೋಡ್ಬೇಡಿ, ಪಕ್ಕದ ಮುಳ್ಳು ನೋಡಿ" ಅಂದ್ರು. 4ನೇ ಗೇರಲ್ಲಿ 60ರಲ್ಲಿ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದೆ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸೋ ಆರ್‌ಪಿಎಂ ಮುಳ್ಳು 2,000ದಿಂದ 3,500ಕ್ಕೆ ಸರ್ ಅಂತ ಏರಿತು, ಸ್ಪೀಡ್ ಮುಳ್ಳು 60ರಲ್ಲೇ ಕೂತಿತ್ತು. ಇಂಜಿನ್ ವೀಕ್ ಆಗಿದ್ರೆ ಎರಡೂ ಮುಳ್ಳು ನಿಧಾನವಾಗೇ ಏರ್ತವೆ, ಸ್ಲಿಪ್ ಆದ್ರೆ ಒಂದು ಏರುತ್ತೆ ಇನ್ನೊಂದು ಏರಲ್ಲ. ಈ ಒಂದು ವ್ಯತ್ಯಾಸ ಗೊತ್ತಿದ್ದಿದ್ರೆ ಆ ಎರಡು ತಿಂಗಳ ಖರ್ಚು ಉಳೀತಿತ್ತು.

ಬಿಚ್ಚಿದ ಮೇಲೆ ಆ ಪ್ಲೇಟ್ ಕೈಯಲ್ಲಿ ಹಿಡ್ಕೊಂಡು ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸ ಪ್ಲೇಟಲ್ಲಿ ಲೈನಿಂಗ್, ಅಂದ್ರೆ ಹಿಡಿತ ಕೊಡೋ ಮೇಲಿನ ಪದರ, ದಪ್ಪಗಿದ್ದು ರಿವೆಟ್ ತಲೆಗಳು ಒಳಗೆ ಗುಳಿಯಲ್ಲಿ ಇಳಿದಿರ್ತವೆ, ನನ್ನದರಲ್ಲಿ ಲೈನಿಂಗ್ ಸವೆದು ರಿವೆಟ್ ತಲೆಗಳೇ ಮೇಲೆ ಬಂದು ಹೊಳೀತಿದ್ವು, ಅವು ಪ್ಲೇಟ್ ಒತ್ತಿಕೊಳ್ಳೋ ಇಂಜಿನ್ ಕಡೆಯ ಚಕ್ರದ, ಅಂದ್ರೆ ಫ್ಲೈವೀಲ್ ಮೇಲೆ ಗುಂಡಗೆ ಗೀರು ಎಳೆದಿದ್ವು, ಗೀರಿನ ಪಕ್ಕದಲ್ಲಿ ಅಲ್ಲಲ್ಲಿ ಉಕ್ಕು ಬಿಸಿಗೆ ನೀಲಿ ತಿರುಗಿತ್ತು. ಮೊದಲೇ ಬಿಚ್ಚಿದ್ರೆ ಪ್ಲೇಟ್ ಸೆಟ್ಟಲ್ಲಿ ಮುಗಿಯೋದು, ತಡ ಮಾಡಿದ್ದಕ್ಕೆ ಫ್ಲೈವೀಲ್ ಕೂಡ ಸೇರಿಕೊಂಡ್ತು.

ಕ್ಲಚ್ ಸ್ಲಿಪ್ ಮೊದಲು ಕಾಣಿಸೋದು ಮೇಲಿನ ಗೇರ್‌ಗಳಲ್ಲಿ, ಏರಿನಲ್ಲಿ, ಗಾಡಿ ತುಂಬ ಜನ ಕೂತಿದ್ದಾಗ. ಯಾಕಂದ್ರೆ ಆಗ ಪ್ಲೇಟ್ ಮೇಲೆ ಹೊರೆ ಜಾಸ್ತಿ. ಒಬ್ಬರೇ ಸಮತಟ್ಟು ರಸ್ತೇಲಿ ಓಡಾಡ್ತಿದ್ರೆ ವಾರಗಟ್ಟಲೆ ಗೊತ್ತೇ ಆಗಲ್ಲ. ಜೊತೆಗೆ ಒಂದು ಥರ ಸುಟ್ಟ ವಾಸನೆ ಬರುತ್ತೆ, ಪೇಪರ್ ಸುಟ್ಟ ಹಾಗೆ, ಆ ವಾಸನೆ ಬಂದಾಗ "ಹೊರಗಡೆಯಿಂದ ಬರ್ತಿರಬೇಕು" ಅಂತ ಕಿಟಕಿ ಏರಿಸಿ ಮುಂದೆ ಹೋಗ್ಬೇಡಿ. ಕೇಬಲ್ ಕ್ಲಚ್ ಇರೋ ಗಾಡಿ ಆದ್ರೆ ಪೆಡಲ್ ತುಂಬಾ ಮೇಲೆ ಬಂದ ಮೇಲೆ ಮಾತ್ರ ಗಾಡಿ ಚಲಿಸೋಕೆ ಶುರುಮಾಡುತ್ತೆ, ಅದೂ ಒಂದು ಸೂಚನೆ. ಹಾಗಂತ ಸ್ಲಿಪ್‌ಗೆ ಯಾವಾಗಲೂ ಸವೆತವೇ ಕಾರಣ ಅಂತಲ್ಲ, ಕೇಬಲ್ ಅಡ್ಜಸ್ಟ್‌ಮೆಂಟ್ ತಪ್ಪಿ ಫ್ರೀ ಪ್ಲೇ (ಪೆಡಲ್ ಒತ್ತಿದಾಗ ಶುರುವಲ್ಲಿ ಇರೋ ಸಡಿಲ) ಇಲ್ಲದೆ ಇದ್ರೆ ಹೊಸ ಪ್ಲೇಟ್ ಕೂಡ ಜಾರುತ್ತೆ, ಆಯಿಲ್ ಸೀಲ್ ಹೋಗಿ ಪ್ಲೇಟ್ ಮೇಲೆ ಎಣ್ಣೆ ಬಿದ್ರೂ ಜಾರುತ್ತೆ, ಆಗ ಸೀಲ್ ಬದಲಾಯಿಸದೆ ಬರೀ ಪ್ಲೇಟ್ ಹಾಕಿದ್ರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ. ಇನ್ನು ನಮ್ಮ ಕಡೆಯಿಂದ ಆಗೋ ದೊಡ್ಡ ತಪ್ಪು ಹಾಫ್ ಕ್ಲಚ್, ಅಂದ್ರೆ ಪೆಡಲ್ ಅರ್ಧ ಒತ್ತಿ ಹಿಡ್ಕೊಳ್ಳೋದು. ಏರಿನಲ್ಲಿ ಸಿಗ್ನಲ್ ಬಿದ್ದಾಗ ಬ್ರೇಕ್ ಬಿಟ್ಟು ಹಾಫ್ ಕ್ಲಚ್ಚಲ್ಲೇ ಗಾಡಿ ನಿಲ್ಲಿಸಿಕೊಳ್ಳೋದು, ಕೆಲಸ ಇಲ್ಲದಾಗಲೂ ಎಡಗಾಲು ಪೆಡಲ್ ಮೇಲೇ ಇಟ್ಟಿರೋದು, ಇವೆರಡೇ ಪ್ಲೇಟಿನ ಆಯುಷ್ಯ ತಿನ್ನೋದು.

ಸ್ಲಿಪ್‌ಗೆ ಉಲ್ಟಾ ಇರೋ ಕಾಯಿಲೆಯೂ ಒಂದಿದೆ, ಪ್ಲೇಟ್ ಇಂಜಿನ್ನಿಂದ ಪೂರ್ತಿ ಬಿಟ್ಕೊಳ್ಳದೆ ಇರೋದು. ಪೆಡಲ್ ತಳಕ್ಕೆ ಒತ್ತಿದ್ರೂ ಗೇರ್ ಬೀಳಲ್ಲ, ಅದರಲ್ಲೂ ರಿವರ್ಸ್ ಹಾಕುವಾಗ ಕರಕರ ಅನ್ನುತ್ತೆ. ಹೈಡ್ರಾಲಿಕ್ ಕ್ಲಚ್ ಇರೋ ಗಾಡೀಲಿ ಪೆಡಲ್ ಮೆತ್ತಗಾಗಿದ್ರೆ ಮೊದಲು ಫ್ಲೂಯಿಡ್ ನೋಡಿ, ಅದು ಬ್ರೇಕ್ ಆಯಿಲ್ಲೇ, ಗಾಳೀಲಿರೋ ತೇವ ಹೀರಿಕೊಳ್ಳುತ್ತೆ, ಸಾಮಾನ್ಯವಾಗಿ 2 ವರ್ಷಕ್ಕೊಂದು ಸಲ ಬದಲಾಯಿಸಬೇಕು ಅಂತಾರೆ. ಸದ್ದಿನ ವಿಷಯಕ್ಕೆ ಬಂದ್ರೆ ಮನೇಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ: ಇಂಜಿನ್ ಆನ್ ಮಾಡಿ ನ್ಯೂಟ್ರಲ್ಲಲ್ಲಿ ಕಿವಿ ಕೊಡಿ. ಕ್ಲಚ್ ಪೆಡಲ್ ಬಿಟ್ಟಿದ್ದಾಗ ಗುಂಯ್ ಅನ್ನೋ ಸದ್ದು ಇದ್ದು ಒತ್ತಿದಾಗ ನಿಂತ್ರೆ ಅನುಮಾನ ಗೇರ್ ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ, ಒತ್ತಿದಾಗ ಮಾತ್ರ ಸದ್ದು ಬಂದ್ರೆ ಕ್ಲಚ್ ಬಿಡಿಸೋ ರಿಲೀಸ್ ಬೇರಿಂಗ್ ಮೇಲೆ. ರಿವರ್ಸಲ್ಲಿ ಮಾತ್ರ ಊಳಿಡೋ ಸದ್ದಿಗೆ ಹೆದರಬೇಡಿ, ಬಹಳಷ್ಟು ಗಾಡೀಲಿ ರಿವರ್ಸ್ ಗೇರಿನ ಹಲ್ಲು ನೇರವಾಗಿ ಕತ್ತರಿಸಿರ್ತಾರೆ, ಅದು ಹುಟ್ಟಿನಿಂದಲೇ ಬಂದ ದನಿ.

ಆಟೋಮ್ಯಾಟಿಕ್ ಗಾಡಿಗೆ ಬಂದ್ರೆ ‘ಸ್ಲಿಪ್’ ಪದಕ್ಕೆ ಬೇರೆ ಬಣ್ಣವೇ ಬರುತ್ತೆ, ಯಾಕಂದ್ರೆ ಇಲ್ಲಿ ಬೇಕು ಅಂತಲೇ ಇಟ್ಟಿರೋ ಸ್ಲಿಪ್ ಒಂದಿದೆ. ಇಂಜಿನ್‌ಗೂ ಗೇರ್ ಬಾಕ್ಸ್‌ಗೂ ಮಧ್ಯೆ ಟಾರ್ಕ್ ಕನ್ವರ್ಟರ್ ಅಂತ ಎಣ್ಣೆ ತುಂಬಿದ ಡಬ್ಬಿ ಇರುತ್ತೆ, ಇಂಜಿನ್ ಕಡೆಯ ರೆಕ್ಕೆಗಳು ಎಣ್ಣೆ ಚಿಮ್ಮಿಸ್ತವೆ, ಆ ಎಣ್ಣೆ ಹೊಡೆತಕ್ಕೆ ಗೇರ್ ಬಾಕ್ಸ್ ಕಡೆಯ ರೆಕ್ಕೆಗಳು ತಿರುಗ್ತವೆ, ಎರಡಕ್ಕೂ ನೇರ ಸಂಬಂಧ ಇಲ್ಲದೆ ಇರೋದರಿಂದಲೇ ಬ್ರೇಕ್ ಒತ್ತಿ ಡ್ರೈವಲ್ಲಿ ನಿಂತಾಗ ಇಂಜಿನ್ ಆಫ್ ಆಗಲ್ಲ. ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ 1940ರ ಮಾಡೆಲ್‌ಗೆ ಬಂದ ಹೈಡ್ರಾಮ್ಯಾಟಿಕ್, ಅಂದ್ರೆ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಪೂರ್ಣ ಆಟೋಮ್ಯಾಟಿಕ್ ಗೇರ್ ಬಾಕ್ಸ್, ಅದೂ ಹೀಗೇ ಎಣ್ಣೆ ಮೂಲಕ ಶಕ್ತಿ ದಾಟಿಸ್ತಿತ್ತು. ಈಗಿನ ಗಾಡಿಗಳಲ್ಲಿ ಸ್ಪೀಡ್ ಹಿಡಿದ ಮೇಲೆ ಲಾಕಪ್ ಕ್ಲಚ್ ಅಂತ ಒಂದು ಎರಡೂ ಕಡೆಯನ್ನ ನೇರವಾಗಿ ಸೇರಿಸಿ ಈ ಸ್ಲಿಪ್ ನಿಲ್ಲಿಸುತ್ತೆ.

ಬೇಡದ ಸ್ಲಿಪ್ ಹೆಚ್ಚಾಗಿ ಆಗೋದು ಟಾರ್ಕ್ ಕನ್ವರ್ಟರ್ ಹಿಂದೆ, ಗೇರ್ ಬಾಕ್ಸಲ್ಲಿ. ಒಳಗಡೆ ತೆಳ್ಳನೆ ಬಿಲ್ಲೆಗಳ ಕ್ಲಚ್ ಪ್ಯಾಕ್‌ಗಳು ಎಣ್ಣೇಲಿ ಮುಳುಗಿರ್ತವೆ, ಎಣ್ಣೆಯ ಒತ್ತಡವೇ ಅವನ್ನ ಒತ್ತಿ ಹಿಡಿಯೋದು. ಹಾಗಾಗಿ ಈ ಟ್ರಾನ್ಸ್‌ಮಿಶನ್ ಫ್ಲೂಯಿಡ್ ಬರೀ ಸವೆತ ತಪ್ಪಿಸೋ ಎಣ್ಣೆ ಅಲ್ಲ, ಗೇರ್ ಬದಲಾಯಿಸೋ ಕೈಯೂ ಅದೇ, ಬಿಸಿ ಹೊತ್ತೊಯ್ಯೋದೂ ಅದೇ. ಅದು ಕಮ್ಮಿ ಆದ್ರೆ ಪಂಪ್ ಗಾಳಿ ಎಳ್ಕೊಳ್ಳುತ್ತೆ, ಒತ್ತಡ ಬೀಳುತ್ತೆ, ಬಿಲ್ಲೆಗಳು ಸಡಿಲವಾಗಿ ಉಜ್ಜಾಡೋಕೆ ಶುರು. ಹೊರಗಡೆ ನಮಗೆ ಕಾಣಿಸೋದು ಏನಪ್ಪಾ ಅಂದ್ರೆ, ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದ ಮೇಲೆ ಗಾಡಿ ಒಂದೆರಡು ಸೆಕೆಂಡ್ ಯೋಚನೆ ಮಾಡಿ ಆಮೇಲೆ ಧಡ್ ಅಂತ ಹಿಡ್ಕೊಳ್ಳೋದು, ಗೇರ್ ಬದಲಾಗೋ ಹೊತ್ತಲ್ಲಿ ಆರ್‌ಪಿಎಂ ಒಂದು ಕ್ಷಣ ಸುಮ್ಮನೆ ಮೇಲಕ್ಕೆ ಹಾರಿ ಬೀಳೋದು. ಇನ್ನೊಂದು ಲಕ್ಷಣ ನಡುಕ: 50–80 ಕಿಲೋಮೀಟರ್ ವೇಗದಲ್ಲಿ ಹಗುರವಾಗಿ ಆಕ್ಸಿಲರೇಟರ್ ಕೊಟ್ಟು ಹೋಗ್ತಿರುವಾಗ ರಸ್ತೆ ಮೇಲಿನ ಸಾಲುಸಾಲು ಉಬ್ಬುಗೆರೆ ದಾಟಿದ ಹಾಗೆ ಬರ್ರ್ ಅನ್ನೋದು. ಹಿಂದೆ ಯಾವ ಗಾಡಿಯೂ ಇಲ್ಲದಾಗ ಬ್ರೇಕ್ ಪೆಡಲ್ ಮೇಲೆ ಕಾಲು ಸುಮ್ಮನೆ ತಾಗಿಸಿ ನೋಡಿ, ಬಹಳಷ್ಟು ಗಾಡೀಲಿ ಆಗ ಲಾಕಪ್ ಬಿಟ್ಕೊಳ್ಳುತ್ತೆ, ನಡುಕವೂ ಅಲ್ಲೇ ನಿಂತ್ರೆ ಮೊದಲ ಅನುಮಾನ ಲಾಕಪ್ ಕ್ಲಚ್ ಮೇಲೆ, ಟೈರ್ ಬ್ಯಾಲೆನ್ಸಿಂಗ್ ಅಂತ ಸುತ್ತಾಡೋದು ತಪ್ಪುತ್ತೆ. ಗಾಡಿ ಒಂದೇ ಗೇರಲ್ಲಿ ಸಿಕ್ಕಿಹಾಕ್ಕೊಂಡು ಲೈಟ್ ಹತ್ತಿದ್ರೆ ಅದು ಲಿಂಪ್ ಮೋಡ್, ಕಂಪ್ಯೂಟರ್ ತಾನಾಗಿ ಗೇರ್ ಬಾಕ್ಸ್ ಉಳಿಸೋಕೆ ನೋಡ್ತಿದೆ ಅಂತ ಅರ್ಥ, ಆಗ ಅದರಲ್ಲಿ ದಾಖಲಾದ ದೋಷದ ಕೋಡ್ ಓದಿಸಲೇಬೇಕು.

ಇಲ್ಲಿ ಆ ಎಣ್ಣೆಯ ಒಂದು ಹನಿಯೇ ಬಹಳ ಮಾತಾಡುತ್ತೆ, ಡಿಪ್‌ಸ್ಟಿಕ್ (ಎಣ್ಣೆ ಮಟ್ಟ ನೋಡೋ ಕಡ್ಡಿ) ಇರೋ ಗಾಡಿ ಆದ್ರೆ ಬಿಳಿ ಟಿಶ್ಯೂ ಮೇಲೆ ಒಂದು ಹನಿ ಬಿಟ್ಟು ಎರಡು ನಿಮಿಷ ಕಾಯಿರಿ. ಹೊಸ ಫ್ಲೂಯಿಡ್ ಸಾಮಾನ್ಯವಾಗಿ ಕೆಂಪಗಿರುತ್ತೆ, ಅಗಲವಾಗಿ ತೆಳುವಾಗಿ ಹರಡ್ಕೊಳ್ಳುತ್ತೆ. ಕಂದು ಬಣ್ಣ ಬಂದ್ರೆ ವಯಸ್ಸಾಗಿದೆ, ಬದಲಾಯಿಸಿ. ಕಪ್ಪಗಿದ್ದು ನಡುವಲ್ಲಿ ಮಸಿ ಚುಕ್ಕೆ ಹಾಗೇ ನಿಂತು ಸುಟ್ಟ ವಾಸನೆ ಬಂದ್ರೆ ಆ ಮಸಿ ಬಿಲ್ಲೆಗಳ ಲೈನಿಂಗೇ ಅಂತ ತಿಳ್ಕೊಳ್ಳಿ. ಹಾಲು ಬೆರೆಸಿದ ಹಾಗೆ ನಸುಗುಲಾಬಿ ಆಗಿದ್ರೆ ಕೂಲೆಂಟ್ ಒಳಗೆ ಸೇರಿದೆ, ಆ ಗಾಡಿ ಇನ್ನು ಒಂದು ಕಿಲೋಮೀಟರ್ ಕೂಡ ಓಡಿಸ್ಬೇಡಿ. ಈ ಫ್ಲೂಯಿಡ್ ಇಂಜಿನ್ ಆಯಿಲ್ ಥರ ಉರಿದು ಕಮ್ಮಿ ಆಗೋದಿಲ್ಲ, ಕಮ್ಮಿ ಆಗಿದೆ ಅಂದ್ರೆ ಎಲ್ಲೋ ಸೋರ್ತಿದೆ, ಹಾಗಾಗಿ ಬರೀ ಟಾಪಪ್ ಮಾಡಿ ಸುಮ್ಮನಾಗೋದು ಪರಿಹಾರ ಅಲ್ಲ. ಬಹಳಷ್ಟು ಹೊಸ ಗಾಡಿಗಳಲ್ಲಿ ಡಿಪ್‌ಸ್ಟಿಕ್ಕೇ ಇರಲ್ಲ, ಅಲ್ಲಿ ಗಾಡಿನ ಲಿಫ್ಟ್ ಮೇಲೆ ಹಾಕಿ ನಿಗದಿತ ಬಿಸಿಯಲ್ಲಿ ಫ್ಲೂಯಿಡ್ ಅಳೀಬೇಕು.

ಸಿವಿಟಿ, ಅಂದ್ರೆ ಹಲ್ಲಿನ ಗೇರ್‌ಗಳ ಬದಲು ಬೆಲ್ಟು, ಪುಲ್ಲಿ ಮೇಲೆ ನಡೆಯೋ ಆಟೋಮ್ಯಾಟಿಕ್ ಗಾಡಿ ಓಡಿಸೋರಿಗೆ ಒಂದು ಸಮಾಧಾನದ ಮಾತು. ಆಕ್ಸಿಲರೇಟರ್ ಒತ್ತಿದ ಕೂಡಲೇ ಆರ್‌ಪಿಎಂ ಮೊದಲು ಏರಿ ಸ್ಪೀಡ್ ಆಮೇಲೆ ಬರೋದು ಅಲ್ಲಿ ಸಹಜ, ಅದು ಕಾಯಿಲೆ ಅಲ್ಲ, ಬೆಲ್ಟು ಮತ್ತು ಪುಲ್ಲಿ ಕೆಲಸ ಮಾಡೋ ರೀತಿಯೇ ಹಾಗೆ. ಸ್ಪೀಡ್ ಬರಲೇ ಇಲ್ಲ, ಜೊತೆಗೆ ನಡುಕ, ಕೀರಲು ಸದ್ದು ಇದೆ ಅಂದ್ರೆ ಮಾತ್ರ ತೋರಿಸಿ. ಸಿವಿಟಿಗೆ ಬೇರೆಯದೇ ಫ್ಲೂಯಿಡ್ ಬೇಕು, ಮಾಮೂಲಿ ಆಟೋಮ್ಯಾಟಿಕ್ ಫ್ಲೂಯಿಡ್ ಹಾಕಿದ್ರೆ ಬೆಲ್ಟಿಗೆ ಬೇಕಾದ ಹಿಡಿತ ಸಿಗಲ್ಲ. ಇನ್ನು ಎಎಂಟಿ (ಕ್ಲಚ್ಚು, ಗೇರು ಯಂತ್ರವೇ ಹಾಕೋ ಮ್ಯಾನುಯಲ್ ಗೇರ್ ಬಾಕ್ಸ್) ಮತ್ತು ಡ್ರೈ ಡ್ಯುಯಲ್ ಕ್ಲಚ್ (ಎಣ್ಣೇಲಿ ಮುಳುಗದ ಎರಡು ಕ್ಲಚ್) ಗಾಡಿಗಳಲ್ಲಿ ಕ್ಲಚ್ ಪೆಡಲ್ ಇಲ್ಲ ಅಷ್ಟೇ, ಕ್ಲಚ್ ಪ್ಲೇಟ್ ಇದ್ದೇ ಇದೆ, ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಂಡ್ರೆ ಅದು ಹಾಫ್ ಕ್ಲಚ್ಚೇ, ಟ್ರಾಫಿಕ್ಕಲ್ಲಿ ಇಂಚಿಂಚು ತೆವಳೋದೂ ಅದೇ. ಮುಂದೆ ಸ್ವಲ್ಪ ಜಾಗ ಆಗೋವರೆಗೂ ಬ್ರೇಕಲ್ಲಿ ನಿಂತು ಆಮೇಲೆ ಒಂದೇ ಸಲ ಹೋಗೋದು ವಾಸಿ.

ಮೇಂಟೆನೆನ್ಸ್ ವಿಷಯದಲ್ಲಿ ನನಗೆ ಅತಿ ಹೆಚ್ಚು ಬೇಜಾರು ತರೋದು "ಇದರ ಆಯಿಲ್ ಲೈಫ್‌ಟೈಮ್, ಬದಲಾಯಿಸೋದೇ ಬೇಡ" ಅನ್ನೋ ಮಾತು. ಎಷ್ಟೋ ಕಾರು ಕಂಪನಿಗಳಿಗೆ ಗೇರ್ ಬಾಕ್ಸ್ ಮಾಡಿಕೊಡೋ ಝೆಡ್‌ಎಫ್ ತನ್ನ ಆಟೋಮ್ಯಾಟಿಕ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅಂತ ಹೇಳುತ್ತೆ, ಮಾಡಿದವರೇ ಹೇಳಿದ ಮೇಲೆ ಇನ್ನು ಯಾರ ಮಾತು ಕೇಳೋದು. ನಿಮ್ಮ ಗಾಡಿಯ ಬುಕ್ಕಲ್ಲಿ ಹೆವಿ ಡ್ಯೂಟಿ ಬಳಕೆಗೆ ಅಂತ ಬೇರೆ ಅವಧಿ ಕೊಟ್ಟಿರ್ತಾರೆ, ದಿನಾ ಟ್ರಾಫಿಕ್ಕು, ಬೆಟ್ಟದ ದಾರಿ, ಟ್ರೈಲರ್ ಎಳೆಯೋದು ಇದ್ರೆ ಆ ಅವಧಿಯೇ ನಿಮ್ಮದು. ಫ್ಲೂಯಿಡ್ ಹಾಕ್ಸುವಾಗ ಬುಕ್ಕಲ್ಲಿರೋ ಗ್ರೇಡೇ ಹಾಕ್ಸಿ, "ಎಲ್ಲಾ ಗಾಡಿಗೂ ಆಗುತ್ತೆ" ಅನ್ನೋ ಡಬ್ಬಿ ಬೇಡ. ಮತ್ತೆ ಇದನ್ನೆಲ್ಲ ಸ್ಲಿಪ್ ಶುರುವಾಗೋ ಮೊದಲೇ ಮಾಡ್ಬೇಕು, ಉದುರಿಹೋದ ಲೈನಿಂಗನ್ನ ಹೊಸ ಎಣ್ಣೆ ವಾಪಸ್ ಅಂಟಿಸಲ್ಲ. ಗಾಡಿ ಪೂರ್ತಿ ನಿಲ್ಲದೆ ಡ್ರೈವ್‌ನಿಂದ ರಿವರ್ಸ್‌ಗೆ ಹಾಕ್ಬೇಡಿ. ಕೆಟ್ಟುನಿಂತ ಆಟೋಮ್ಯಾಟಿಕ್ಕನ್ನ ಇಂಜಿನ್ ಶಕ್ತಿ ಹೋಗೋ ಚಕ್ರ ನೆಲದ ಮೇಲೇ ಇಟ್ಟು ಹಗ್ಗ ಕಟ್ಟಿ ದೂರ ಎಳೆಸಬೇಡಿ, ಇಂಜಿನ್ ಆಫ್ ಇದ್ರೆ ಆಯಿಲ್ ಪಂಪ್ ತಿರುಗಲ್ಲ, ಒಳಗೆಲ್ಲ ಒಣಗಿಕೊಂಡೇ ತಿರುಗುತ್ತೆ.

ಗಾಡಿ ತೋರಿಸೋಕೆ ಹೋದಾಗ "ಸ್ಲಿಪ್ ಆಗ್ತಿದೆ" ಅಂತ ಮಾತ್ರ ಹೇಳ್ಬೇಡಿ. ಯಾವ ಗೇರಲ್ಲಿ, ತಣ್ಣಗಿದ್ದಾಗಲಾ ಬಿಸಿ ಆದ ಮೇಲಾ, ಏರಿನಲ್ಲಾ ಸಮತಟ್ಟಲ್ಲಾ, ಮುಳ್ಳು ಎಷ್ಟರಿಂದ ಎಷ್ಟಕ್ಕೆ ಹಾರುತ್ತೆ ಅಂತ ಮೊದಲೇ ಒಂದು ಚೀಟೀಲಿ ಬರ್ಕೊಂಡು ಹೋಗಿ. ಬಿಸಿ ಆದ ಮೇಲೆ ಮಾತ್ರ ಜಾರೋ ಗಾಡಿ ಆಗಿದ್ರೆ ರಾತ್ರಿಯೇ ಬಿಟ್ಟುಬರಬೇಡಿ, ಬೆಳಗ್ಗೆ ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿ ನೋಡಿದ್ರೆ ಅವರಿಗೆ ಏನೂ ಕಾಣಲ್ಲ. ಅರ್ಧ ಗಂಟೆ ಓಡಿಸಿ, ಬಿಸಿ ಇರುವಾಗಲೇ ಮೆಕ್ಯಾನಿಕ್ಕನ್ನ ಡ್ರೈವರ್ ಸೀಟಲ್ಲಿ ಕೂರಿಸಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ.