ಇಸ್ರೇಲ್-ಪ್ಯಾಲೆಸ್ತೀನ್: "ಸದ್ಯಕ್ಕೆ" ಅಂತ ಎಳೆದ ಗೆರೆಗಳು

ಇಸ್ರೇಲ್-ಪ್ಯಾಲೆಸ್ತೀನ್ ಸುದ್ದಿ ಬಂದಾಗಲೆಲ್ಲ ವಾಟ್ಸಾಪ್ ಗ್ರೂಪಲ್ಲಿ ಒಂದಷ್ಟು ಜನ ಮೂರು ಸಾವಿರ ವರ್ಷ ಹಿಂದಕ್ಕೆ ಹೋಗ್ತಾರೆ, ಇನ್ನೊಂದಷ್ಟು ಜನ 2023ರ ಅಕ್ಟೋಬರ್ 7ರಿಂದ ಕಥೆ ಶುರು ಮಾಡ್ತಾರೆ. ಮಧ್ಯದ ನೂರು ವರ್ಷ ಯಾರಿಗೂ ಬೇಡ. ಗಂಟು ಬಿದ್ದಿರೋದು ಮಾತ್ರ ಆ ನೂರು ವರ್ಷದಲ್ಲೇ. ಆ ಕಾಲದ ಒಪ್ಪಂದ, ನಿರ್ಣಯ, ಆದೇಶ ಅಂತ ಓದ್ತಾ ಹೋದ್ರೆ ನನಗೆ ಪದೇ ಪದೇ ಸಿಗೋದು ಒಂದೇ ಮಾತು: ಇದು ಸದ್ಯಕ್ಕೆ, ಉಳಿದದ್ದು ಆಮೇಲೆ ನೋಡೋಣ. ಅದನ್ನೇ ಹಿಡ್ಕೊಂಡು ಈ ಕಥೆ ಹೇಳ್ತೀನಿ, ಕೆಲವು ಕಡೆ ಓಡ್ತೀನಿ, 1993ರ ಓಸ್ಲೋ ಒಪ್ಪಂದದ ಹತ್ರ ಸ್ವಲ್ಪ ಹೊತ್ತು ನಿಲ್ತೀನಿ.

1517ರಿಂದ ನಾನೂರು ವರ್ಷ ಆ ಜಾಗ ಆಟೋಮನ್ ತುರ್ಕರ ಕೈಲಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ರಷ್ಯಾ ಕಡೆ ಯಹೂದಿಗಳ ಮೇಲೆ ದಾಳಿ ಜಾಸ್ತಿ ಆದಾಗ ನಮಗೂ ಒಂದು ದೇಶ ಬೇಕು ಅನ್ನೋ ಮಾತು ಎದ್ದು, 1897ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲಲ್ಲಿ ಮೊದಲ ಝಿಯೋನಿಸ್ಟ್ ಕಾಂಗ್ರೆಸ್ ನಡೀತು. 1917ರ ನವೆಂಬರ್ 2ಕ್ಕೆ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಬಾಲ್ಫೋರ್ ಒಂದು ಪತ್ರ ಬರೆದ, ಅದರಲ್ಲಿ ಘೋಷಣೆ ಅನ್ನೋ ಭಾಗ ಇಂಗ್ಲಿಷಲ್ಲಿ ಬರೀ 67 ಪದ. ಯಹೂದಿಗಳಿಗೆ ಅಲ್ಲೊಂದು ರಾಷ್ಟ್ರೀಯ ನೆಲೆ ಮಾಡಿಕೊಡೋಕೆ ಬ್ರಿಟನ್ ಒಪ್ಪುತ್ತೆ, ಆದ್ರೆ ಅಲ್ಲಿರೋ "ಯಹೂದಿಯೇತರ ಸಮುದಾಯ"ಗಳ ನಾಗರಿಕ, ಧಾರ್ಮಿಕ ಹಕ್ಕಿಗೆ ಧಕ್ಕೆ ಆಗಬಾರದು ಅಂತ. ಆ ಯಹೂದಿಯೇತರರು ಹತ್ತರಲ್ಲಿ ಸುಮಾರು ಒಂಬತ್ತು ಜನ ಇದ್ರು, ಅರಬ್ಬರು ಅನ್ನೋ ಪದ ಅದರಲ್ಲಿ ಎಲ್ಲೂ ಇಲ್ಲ. ಪತ್ರ ಬರೆದ ದಿನ ಜೆರುಸಲೇಂ ಇನ್ನೂ ತುರ್ಕರ ಹತ್ರಾನೇ ಇತ್ತು, ಅದು ಬೇರೆ ಮಾತು.

ಇಲ್ಲಿ ನಮ್ಮವರೂ ಬರ್ತಾರೆ. 1918ರ ಸೆಪ್ಟೆಂಬರ್ 23ಕ್ಕೆ ಹೈಫಾ ಊರನ್ನ ತುರ್ಕರಿಂದ ಕಿತ್ಕೊಂಡಿದ್ದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಕುದುರೆ ಸವಾರರು, ಮಷೀನ್ ಗನ್ ಎದುರು ಭರ್ಜಿ ಹಿಡ್ಕೊಂಡು ನುಗ್ಗಿದವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ, ದಿನಾ ಅದರ ಪಕ್ಕದಲ್ಲೇ ಬಸ್ಸಲ್ಲಿ ಹೋಗೋ ಎಷ್ಟು ಜನಕ್ಕೆ ಅದು ಯಾವ ಯುದ್ಧದ್ದು ಅಂತ ಗೊತ್ತೋ.

ಆಮೇಲೆ ಬಂದಿದ್ದು ಮ್ಯಾಂಡೇಟ್. ಈ ಜನ ತಮ್ಮ ಕಾಲ ಮೇಲೆ ತಾವು ನಿಲ್ಲೋವರೆಗೆ ನೋಡ್ಕೊಳ್ಳಿ ಅಂತ ಲೀಗ್ ಆಫ್ ನೇಷನ್ಸ್ ಬ್ರಿಟನ್ನಿಗೆ ವಹಿಸಿದ ಆಡಳಿತ, ಅಂದ್ರೆ ಸದ್ಯಕ್ಕೆ. ಅದೇ ಕಾಲದಲ್ಲಿ ಹಿಟ್ಲರ್ ಬಂದ, ಯುರೋಪಿಂದ ಯಹೂದಿಗಳು ಹಡಗು ಹತ್ತಿದ್ರು, ಇಲ್ಲಿ ಅರಬ್ಬರು 1936ರಿಂದ ಮೂರು ವರ್ಷ ದಂಗೆ ಎದ್ರು, 1937ರಲ್ಲಿ ಬ್ರಿಟನ್ ಕಳಿಸಿದ ಪೀಲ್ ಆಯೋಗ ದೇಶ ಭಾಗ ಮಾಡಿ ಅಂತು, 1939ರಲ್ಲಿ ಬ್ರಿಟನ್ ಐದು ವರ್ಷಕ್ಕೆ 75 ಸಾವಿರ ಯಹೂದಿಗಳು ಮಾತ್ರ ಬರಬಹುದು ಅಂತ ಬಾಗಿಲು ಅರ್ಧ ಮುಚ್ಚಿತು, 1945ರೊಳಗೆ ಯುರೋಪಲ್ಲಿ ಸುಮಾರು 60 ಲಕ್ಷ ಯಹೂದಿಗಳ ಕೊಲೆ ನಡೆದುಹೋಯ್ತು. ಬದುಕಿ ಉಳಿದವರಿಗೆ ವಾಪಸ್ ಹೋಗೋಕೆ ಊರು ಅಂತ ಇರಲಿಲ್ಲ. ಈ ಸಾಲು ಬಿಟ್ಟು ಮುಂದಿನದನ್ನ ಓದಿದ್ರೆ ಒಂದು ಕಡೆಯವರ ಭಯ ಅರ್ಥವೇ ಆಗಲ್ಲ.

1947ರ ನವೆಂಬರ್ 29ಕ್ಕೆ ವಿಶ್ವಸಂಸ್ಥೆ ಎರಡು ದೇಶ ಮಾಡೋಣ ಅಂತ ವೋಟು ಹಾಕಿತು, ಪರ 33, ವಿರುದ್ಧ 13. ನಮ್ಮ ಭಾರತ ವಿರುದ್ಧ ಹಾಕಿತು. ಆಗ ನಮ್ಮದೇ ವಿಭಜನೆಯ ಗಾಯ ಹಸಿಯಾಗಿತ್ತು, ಭಾಗ ಬೇಡ, ಫೆಡರಲ್ ಥರ ಒಂದೇ ದೇಶ ಇರ್ಲಿ ಅನ್ನೋದು ಭಾರತದ ಮಾತು. ಯಹೂದಿ ನಾಯಕರು ಒಪ್ಪಿದ್ರು, ಅರಬ್ಬರು ಒಪ್ಪಲಿಲ್ಲ, ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗ ಇರೋರಿಗೆ ಅರ್ಧಕ್ಕಿಂತ ಜಾಸ್ತಿ ನೆಲ ಹೆಂಗೆ ಅಂತ. 1948ರ ಮೇ 14ಕ್ಕೆ ಇಸ್ರೇಲ್ ಹುಟ್ಟಿತು, ಮಾರನೇ ದಿನವೇ ಅಕ್ಕಪಕ್ಕದ ದೇಶಗಳ ಸೈನ್ಯ ಒಳಗೆ ಬಂತು. ಯುದ್ಧ ಮುಗಿಯೋ ಹೊತ್ತಿಗೆ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆ ಬಿಟ್ಟಾಗಿತ್ತು, ಕೆಲವರು ಓಡಿ, ಕೆಲವರನ್ನ ಓಡಿಸಿ. ಅವರು ಇದನ್ನ ನಕ್ಬಾ, ಅಂದ್ರೆ ಮಹಾ ವಿಪತ್ತು ಅಂತಾರೆ. ಒಂದೆರಡು ವಾರದಲ್ಲಿ ಬರ್ತೀವಲ್ಲ ಅಂತ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೋರು ತುಂಬಾ ಜನ, ಆ ಕೀಲಿಗಳು ಈಗಲೂ ಮೊಮ್ಮಕ್ಕಳ ಮನೆ ಗೋಡೆ ಮೇಲೆ ನೇತಾಡ್ತಿವೆ. ಮುಂದಿನ ವರ್ಷಗಳಲ್ಲಿ ಇರಾಕ್, ಯೆಮೆನ್, ಮೊರಾಕೊ ಕಡೆಯಿಂದ ಲಕ್ಷಾಂತರ ಯಹೂದಿಗಳೂ ಹೀಗೇ ಮನೆಮಠ ಬಿಟ್ಟು ಇಸ್ರೇಲಿಗೆ ಬಂದ್ರು, ಅದನ್ನೂ ನೆನಪಿಡಬೇಕು.

1949ರಲ್ಲಿ ಕದನವಿರಾಮದ ಗೆರೆ ಎಳೆದ್ರು. ನಕಾಶೆ ಮೇಲೆ ಹಸಿರು ಪೆನ್ಸಿಲಲ್ಲಿ ಎಳೆದಿದ್ದಕ್ಕೆ ಗ್ರೀನ್ ಲೈನ್ ಅಂತ ಹೆಸರು. ಇದು ರಾಜಕೀಯ ಗಡಿ ಅಲ್ಲ ಅಂತ ಒಪ್ಪಂದದಲ್ಲೇ ಬರೆದಿದ್ರು, ಅರಬ್ ದೇಶಗಳೇ ಹಟ ಹಿಡಿದು ಬರೆಸಿದ್ದು. ಈಗ ಲೋಕವೆಲ್ಲ ಗಡಿ ಅಂತ ತೋರಿಸೋದು ಅದನ್ನೇ. ಅದೇ ವರ್ಷ ನಿರಾಶ್ರಿತರಿಗೆ ಅಂತ ಯುಎನ್‌ಆರ್‌ಡಬ್ಲ್ಯುಎ ಅನ್ನೋ ತಾತ್ಕಾಲಿಕ ಸಂಸ್ಥೆ ಮಾಡಿದ್ರು, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಅದರ ಅವಧಿ ನವೀಕರಿಸ್ತಾ ಬಂದು ಮುಕ್ಕಾಲು ಶತಮಾನ ಆಯ್ತು. ಡೇರೆಗಳು ತಗಡಿನ ಮನೆ ಆದ್ವು, ತಗಡು ಹೋಗಿ ಕಾಂಕ್ರೀಟ್ ಬಂತು, ಕ್ಯಾಂಪಿಗೆ ಕೊಟ್ಟ ಜಾಗ ಅಷ್ಟೇ ಇದ್ದಿದ್ದಕ್ಕೆ ಮನೆ ಮೇಲೆ ಮನೆ ಎದ್ದು ಓಣಿಗೆ ಬಿಸಿಲು ಬೀಳಲ್ಲ, ಹೆಸರು ಮಾತ್ರ ಇನ್ನೂ ಕ್ಯಾಂಪು.

1967ರ ಜೂನಲ್ಲಿ ಆರೇ ದಿನದ ಯುದ್ಧ. ಜೋರ್ಡಾನ್ ಕೈಲಿದ್ದ ವೆಸ್ಟ್ ಬ್ಯಾಂಕ್, ಪೂರ್ವ ಜೆರುಸಲೇಂ, ಈಜಿಪ್ಟ್ ಕೈಲಿದ್ದ ಗಾಜಾ, ಸಿನಾಯ್, ಸಿರಿಯಾದ ಗೋಲನ್ ಎಲ್ಲ ಇಸ್ರೇಲಿನ ಕೈಗೆ ಬಂತು. ನವೆಂಬರಲ್ಲಿ ಭದ್ರತಾ ಮಂಡಳಿಯ 242ನೇ ನಿರ್ಣಯ ಬಂತು, ವಶಪಡಿಸಿಕೊಂಡ ಪ್ರದೇಶಗಳಿಂದ ಸೈನ್ಯ ಹಿಂದೆ ಹೋಗಬೇಕು ಅಂತ. ಇಂಗ್ಲಿಷ್ ಪಠ್ಯದಲ್ಲಿ "ಪ್ರದೇಶಗಳು" ಅನ್ನೋದರ ಹಿಂದೆ "ದಿ" ಇಲ್ಲ, ಹಾಗಾಗಿ ಎಲ್ಲ ಪ್ರದೇಶ ಅಂತ ಅರ್ಥ ಅಲ್ಲ ಅಂತ ಒಬ್ಬರು, ಫ್ರೆಂಚ್ ಪಠ್ಯ ನೋಡಿ, ಅದರ ಪ್ರಕಾರ ಎಲ್ಲದೂ ಅಂತ ಇನ್ನೊಬ್ಬರು. ಕನ್ನಡದಲ್ಲಿ ಆ ಪದವೇ ಇಲ್ಲ, ನಮಗೆ ಈ ಜಗಳ ಅನುವಾದ ಮಾಡೋಕೂ ಬರಲ್ಲ.

ಗೆದ್ದ ಜಾಗದಲ್ಲಿ ನಡೆದಿದ್ದು ಮಿಲಿಟರಿ ಆಡಳಿತ. ಸೈನ್ಯಕ್ಕೆ ತಾತ್ಕಾಲಿಕವಾಗಿ ಬೇಕು ಅಂತ ಆದೇಶ ಹೊರಡಿಸಿ ಖಾಸಗಿ ಜಮೀನು ತಗೊಂಡು ಅದರ ಮೇಲೆ ಯಹೂದಿ ವಸಾಹತು ಕಟ್ಟೋದು ಶುರುವಾಯ್ತು. 1979ರಲ್ಲಿ ನಾಬ್ಲುಸ್ ಹತ್ರದ ಎಲೋನ್ ಮೋರೆ ಅನ್ನೋ ವಸಾಹತಿನ ಕೇಸು ಇಸ್ರೇಲಿನ ಸುಪ್ರೀಂ ಕೋರ್ಟಿಗೆ ಹೋಯ್ತು. ಅಲ್ಲಿ ಇರೋಕೆ ಬಂದವರೇ ನಾವು ಶಾಶ್ವತವಾಗಿ ಇರೋಕೆ ಬಂದಿದ್ದೀವಿ ಅಂತ ನೇರವಾಗಿ ಹೇಳಿದ್ರು, ಹಾಗಿದ್ರೆ ತಾತ್ಕಾಲಿಕ ಆದೇಶದ ಮೇಲೆ ಶಾಶ್ವತ ಊರು ಕಟ್ಟೋಕೆ ಆಗಲ್ಲ ಅಂತ ಕೋರ್ಟು ಜಮೀನು ವಾಪಸ್ ಕೊಡಿಸಿತು. ಅಪರೂಪದ ತೀರ್ಪು. ಆದ್ರೆ ಅದರಿಂದ ವಸಾಹತು ನಿಲ್ಲಲಿಲ್ಲ, ದಾರಿ ಬದಲಾಯ್ತು. 1858ರ ಆಟೋಮನ್ ಭೂ ಕಾಯ್ದೆ ಹುಡುಕಿ ತೆಗೆದು, ಉಳುಮೆ ಆಗದ, ಸರಿಯಾದ ದಾಖಲೆ ಇಲ್ಲದ ಜಮೀನನ್ನ ಸರ್ಕಾರಿ ಭೂಮಿ ಅಂತ ಘೋಷಿಸೋ ಪದ್ಧತಿ ಬಂತು. ಎಲೋನ್ ಮೋರೆ ಕೂಡ ಬೇರೆ ಗುಡ್ಡಕ್ಕೆ ಹೋಯ್ತು, ಇವತ್ತಿಗೂ ಇದೆ.

ಈಗ ಓಸ್ಲೋ. 1987ರ ಡಿಸೆಂಬರಲ್ಲಿ ಗಾಜಾದಿಂದ ಮೊದಲ ಇಂತಿಫಾದಾ, ಅಂದ್ರೆ ಪ್ಯಾಲೆಸ್ತೀನಿಯರ ದಂಗೆ ಎದ್ದು, ಕಲ್ಲು ಹಿಡಿದ ಹುಡುಗರ ಫೋಟೊ ಲೋಕಕ್ಕೆಲ್ಲ ಹೋದ ಮೇಲೆ ಹೀಗೇ ಇರೋಕಾಗಲ್ಲ ಅಂತ ಎರಡೂ ಕಡೆ ಅನ್ನಿಸಿತ್ತು. ಅರಾಫತ್ ನಾಯಕತ್ವದ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ ಪಿಎಲ್‌ಒ ಜೊತೆ ಮಾತಾಡೋದು ಇಸ್ರೇಲ್ ಕಾನೂನಲ್ಲೇ ಅಪರಾಧ ಆಗಿತ್ತು, 1993ರ ಜನವರಿಯಲ್ಲಿ ಆ ಕಾನೂನು ತೆಗೆದ್ರು, ಅದೇ ತಿಂಗಳು ಇಬ್ಬರು ಇಸ್ರೇಲಿ ವಿದ್ವಾಂಸರು ನಾರ್ವೆಯಲ್ಲಿ ಪಿಎಲ್‌ಒದ ಅಹ್ಮದ್ ಕುರೈ ಎದುರು ಗುಟ್ಟಾಗಿ ಕೂತ್ರು. ಸೆಪ್ಟೆಂಬರ್ 13ಕ್ಕೆ ವೈಟ್ ಹೌಸ್ ಹುಲ್ಲುಹಾಸಿನ ಮೇಲೆ ಇಸ್ರೇಲ್ ಪ್ರಧಾನಿ ರಾಬಿನ್, ಅರಾಫತ್ ಕೈ ಕುಲುಕಿದ್ರು, ಮಧ್ಯೆ ಅಮೆರಿಕದ ಅಧ್ಯಕ್ಷ ಕ್ಲಿಂಟನ್. ಆ ಫೋಟೊ ಎಲ್ಲರೂ ನೋಡಿದ್ದಾರೆ. ಅದಕ್ಕೆ ನಾಲ್ಕು ದಿನ ಮುಂಚೆ ಬದಲಾದ ಪತ್ರಗಳನ್ನ ಓದಿದೋರು ಕಡಿಮೆ. ಪಿಎಲ್‌ಒ ತನ್ನ ಪತ್ರದಲ್ಲಿ ಇಸ್ರೇಲ್ ದೇಶಕ್ಕೆ ಇರೋ ಹಕ್ಕಿದೆ ಅಂತ ಒಪ್ಪಿತು. ಇಸ್ರೇಲ್ ತನ್ನ ಪತ್ರದಲ್ಲಿ ಪಿಎಲ್‌ಒ ಪ್ಯಾಲೆಸ್ತೀನ್ ಜನರ ಪ್ರತಿನಿಧಿ ಅಂತ ಒಪ್ಪಿತು. ಪ್ಯಾಲೆಸ್ತೀನ್ ದೇಶ ಅನ್ನೋ ಮಾತು ಇಲ್ಲ. ಎರಡು ಪತ್ರದ ತೂಕ ಒಂದೇ ಅಲ್ಲ.

ಒಪ್ಪಂದ ಐದು ವರ್ಷದ್ದು, ಹಂಗಾಮಿ. ಜೆರುಸಲೇಂ, ನಿರಾಶ್ರಿತರು, ವಸಾಹತುಗಳು, ಗಡಿ, ಹೀಗೆ ಕಷ್ಟದ್ದೆಲ್ಲ ಆಮೇಲೆ. ಮೊದಲು ಸುಲಭದ್ದು ಮುಗಿಸಿದ್ರೆ ನಂಬಿಕೆ ಬೆಳೆಯುತ್ತೆ, ಆಗ ಕಷ್ಟದ್ದೂ ಆಗುತ್ತೆ ಅನ್ನೋ ಲೆಕ್ಕ. ಕೇಳೋಕೆ ಸರಿಯಾಗೇ ಇದೆ. 1995ರ ಎರಡನೇ ಒಪ್ಪಂದದಲ್ಲಿ ವೆಸ್ಟ್ ಬ್ಯಾಂಕನ್ನ ಮೂರು ಥರ ಹಂಚಿದ್ರು. ಎ ಅಂದ್ರೆ ಪಟ್ಟಣಗಳು, ಅಲ್ಲಿ ಪ್ಯಾಲೆಸ್ತೀನ್ ಆಡಳಿತ. ಬಿ ಅಂದ್ರೆ ಹಳ್ಳಿಗಳು, ಅಲ್ಲಿ ಸ್ಕೂಲು, ಆಸ್ಪತ್ರೆ ಅವರದು, ಭದ್ರತೆ ಇಸ್ರೇಲಿನದು. ಸಿ ಅಂದ್ರೆ ಉಳಿದದ್ದೆಲ್ಲ, ಪೂರ್ತಿ ಇಸ್ರೇಲಿನ ಕೈಲಿ, ಕೊನೆಗೆ ಅದು ನೂರಕ್ಕೆ ಅರವತ್ತರಷ್ಟು ಉಳೀತು. ಎ, ಬಿ ಎರಡೂ ಸೇರಿ ನೂರೈವತ್ತಕ್ಕೂ ಹೆಚ್ಚು ತುಂಡು, ಸುತ್ತ ಸಮುದ್ರದ ಥರ ಸಿ. ಮನೆ ಬಿಯಲ್ಲಿ, ಆಲಿವ್ ತೋಟ ಸಿಯಲ್ಲಿ ಇರೋ ರೈತನ್ನ ನೆನೆಸ್ಕೊಳ್ಳಿ, ತನ್ನದೇ ತೋಟದಲ್ಲಿ ಒಂದು ಶೆಡ್ ಹಾಕೋಕೆ ಮಿಲಿಟರಿ ಕೆಳಗಿರೋ ಆಫೀಸಿನ ಪರ್ಮಿಟ್ ಬೇಕು, ಅದು ಸಿಗೋದು ತೀರಾ ಅಪರೂಪ, ಸಿಗದೆ ಕಟ್ಟಿದ್ರೆ ಬುಲ್ಡೋಜರ್. ಸಿ ಭಾಗ ಹಂತ ಹಂತವಾಗಿ ಪ್ಯಾಲೆಸ್ತೀನ್ ಆಡಳಿತಕ್ಕೆ ಬರಬೇಕಿತ್ತು. ನೀರಿನ ಪಾಲು ಐದು ವರ್ಷಕ್ಕೆ ಅಂತ ಮಾಡಿದ್ದು, ಇವತ್ತಿಗೂ ಅದೇ ಚೌಕಟ್ಟು. ಕಸ್ಟಮ್ಸ್ ತೆರಿಗೆ ಇಸ್ರೇಲ್ ವಸೂಲಿ ಮಾಡಿ ತಿಂಗಳಿಗೊಮ್ಮೆ ಕಳಿಸುತ್ತೆ ಅನ್ನೋ 1994ರ ಏರ್ಪಾಡೂ ಅಷ್ಟೇ, ಸಂಬಂಧ ಕೆಟ್ಟಾಗ ದುಡ್ಡು ನಿಲ್ಲುತ್ತೆ, ಟೀಚರುಗಳಿಗೆ ಸಂಬಳ ಇಲ್ಲ.

ನಂಬಿಕೆ ಬೆಳೆಯೋ ಬದಲು ಏನಾಯ್ತು ನೋಡಿ. 1994ರ ಫೆಬ್ರವರಿಯಲ್ಲಿ ಹೆಬ್ರಾನಿನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜ್ ಮಾಡ್ತಿದ್ದ 29 ಜನರನ್ನ ಒಬ್ಬ ವಸಾಹತುಗಾರ ಗುಂಡಿಟ್ಟು ಕೊಂದ. ಏಪ್ರಿಲಲ್ಲಿ ಪ್ಯಾಲೆಸ್ತೀನಿನ ಸಶಸ್ತ್ರ ಇಸ್ಲಾಮಿ ಸಂಘಟನೆ ಹಮಾಸ್ ಇಸ್ರೇಲ್ ಒಳಗೆ ಬಸ್ಸುಗಳ ಹತ್ರ ಆತ್ಮಾಹುತಿ ಬಾಂಬ್ ಶುರು ಮಾಡಿತು. 1995ರ ನವೆಂಬರ್ 4ಕ್ಕೆ ಟೆಲ್ ಅವೀವಲ್ಲಿ ಶಾಂತಿ ಸಭೆ ಮುಗಿಸಿ ಕಾರಿನ ಕಡೆ ಹೊರಟಿದ್ದ ರಾಬಿನ್‌ನನ್ನ ಕೊಂದಿದ್ದು ಒಬ್ಬ ಯಹೂದಿ ಯುವಕ. ಈ ಗದ್ದಲದ ನಡುವೆ ಸದ್ದಿಲ್ಲದೆ ಒಂದು ಲೆಕ್ಕ ಏರ್ತಾ ಹೋಯ್ತು: ಪೂರ್ವ ಜೆರುಸಲೇಂ ಬಿಟ್ಟು 1993ರಲ್ಲಿ ವೆಸ್ಟ್ ಬ್ಯಾಂಕ್ ವಸಾಹತುಗಳಲ್ಲಿ ಸುಮಾರು 1.1 ಲಕ್ಷ ಜನ, 2000ದ ಹೊತ್ತಿಗೆ 2 ಲಕ್ಷದ ಹತ್ರ, ಈಗ 5 ಲಕ್ಷಕ್ಕೂ ಹೆಚ್ಚು. ಅಂತಿಮ ಒಪ್ಪಂದದವರೆಗೆ ಯಾರೂ ಸ್ಥಿತಿ ಬದಲಾಯಿಸಬಾರದು ಅಂತ ಒಪ್ಪಂದದಲ್ಲಿ ಬರೆದಿತ್ತು, ವಸಾಹತು ಕಟ್ಟಬಾರದು ಅಂತ ಬಿಡಿಸಿ ಬರೆದಿರಲಿಲ್ಲ. ಕಾಯೋದು ಇಬ್ಬರಿಗೂ ಒಂದೇ ಥರ ಅಲ್ಲ, ಕಾಯ್ತಾ ಇದ್ದಷ್ಟು ದಿನ ಒಬ್ಬರ ಪಾಲು ಕರಗ್ತಾ ಇರುತ್ತೆ. 1994ರ ಮೇ ತಿಂಗಳಿಂದ ಎಣಿಸಿದ ಆ ಐದು ವರ್ಷ ಮುಗಿದಿದ್ದು 1999ರ ಮೇ 4ಕ್ಕೆ. ಆ ದಿನ ಏನೂ ಆಗಲಿಲ್ಲ.

2000ದ ಜುಲೈಯಲ್ಲಿ ಅಮೆರಿಕದ ಕ್ಯಾಂಪ್ ಡೇವಿಡಲ್ಲಿ ನಡೆದ ಅಂತಿಮ ಒಪ್ಪಂದದ ಮಾತುಕತೆ ಮುರಿದುಬಿತ್ತು, ಸೆಪ್ಟೆಂಬರಲ್ಲಿ ಎರಡನೇ ಇಂತಿಫಾದಾ, ಐದು ವರ್ಷದಲ್ಲಿ ಇಸ್ರೇಲಿಗಳು ಸುಮಾರು ಸಾವಿರ, ಪ್ಯಾಲೆಸ್ತೀನಿಯರು ಮೂರು ಸಾವಿರಕ್ಕೂ ಹೆಚ್ಚು ಸತ್ತರು. ಹೋಟೆಲು, ಬಸ್ಸು ಸಿಡೀತಿದ್ದ ಕಾಲ, 2002ರಿಂದ ತಡೆಗೋಡೆ ಎದ್ದಿತು, ಅದೂ ಭದ್ರತೆಗೆ ಸದ್ಯಕ್ಕೆ ಅಂತಲೇ, ಹೋಗಿದ್ದು ಮಾತ್ರ ಬಹುಪಾಲು ಗ್ರೀನ್ ಲೈನಿನ ಆ ಕಡೆ. 2005ರಲ್ಲಿ ಇಸ್ರೇಲ್ ಗಾಜಾದಿಂದ ವಸಾಹತು ಕಿತ್ತು ಹೊರಬಂತು, 2006ರ ಚುನಾವಣೆ ಹಮಾಸ್ ಗೆದ್ದಿತು, 2007ರಲ್ಲಿ ಗಾಜಾ ಪೂರ್ತಿ ಹಿಡೀತು, ದಿಗ್ಬಂಧನ ಬಿಗಿಯಾಯ್ತು. 2023ರ ಅಕ್ಟೋಬರ್ 7ಕ್ಕೆ ಹಮಾಸ್ ಒಂದೇ ದಿನ ಸುಮಾರು 1,200 ಜನರನ್ನ ಕೊಂದು 251 ಜನರನ್ನ ಒತ್ತೆ ಹಿಡಿದುಕೊಂಡು ಹೋಯ್ತು. ಆಮೇಲಿನ ಎರಡು ವರ್ಷದ ಯುದ್ಧದಲ್ಲಿ ಗಾಜಾದ ಆರೋಗ್ಯ ಇಲಾಖೆ ಲೆಕ್ಕದಲ್ಲಿ ಸತ್ತವರು 67 ಸಾವಿರ ದಾಟಿದ್ರು.

2025ರ ಅಕ್ಟೋಬರಲ್ಲಿ ಕದನವಿರಾಮ ಆದಾಗ ಇಸ್ರೇಲ್ ಸೈನ್ಯ ಗಾಜಾದ ಒಳಗೇ ಒಂದು ಗೆರೆವರೆಗೆ ಹಿಂದೆ ಸರೀತು, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಅದರ ಕೈಲೇ ಉಳೀತು. ಈ ಸಲ ನಕಾಶೆಯಲ್ಲಿ ಬಣ್ಣ ಹಳದಿ, ಯೆಲ್ಲೋ ಲೈನ್ ಅಂತಾರೆ. ಇದು ಮೊದಲ ಹಂತದ ಗೆರೆ ಅಷ್ಟೇ, ಮುಂದಿನ ಹಂತದಲ್ಲಿ ಇನ್ನೂ ಹಿಂದೆ ಹೋಗ್ತಾರೆ ಅಂತ ಪ್ಲ್ಯಾನಲ್ಲಿದೆ. ಕೆಲವೇ ದಿನಕ್ಕೆ ಸೈನಿಕರು ಆ ಗೆರೆ ಉದ್ದಕ್ಕೂ ಹಳದಿ ಬಣ್ಣ ಬಳಿದ ಕಾಂಕ್ರೀಟ್ ಬ್ಲಾಕ್ ತಂದು ನೆಡೋಕೆ ಶುರು ಮಾಡಿದ್ರು.