ಮೊದಲು ಮಾಳಿಗೆ ಹತ್ತಿ: ಅನ್ಯೋಕ್ತಿ ಪಾಠದ ಟಿಪ್ಪಣಿ

ಬಿ.ಎಡ್ ಗೆಳೆಯರಿಗಾಗಿ, ಒಂಬತ್ತನೇ ತರಗತಿಗೆ ಪಾಠ ಮಾಡಿದ ಮೇಲೆ ಬರೆದಿಟ್ಟುಕೊಂಡದ್ದು.

ವ್ಯಾಖ್ಯೆಯನ್ನು ಬೇಗ ಮುಗಿಸೋಣ. ‘ಮುಖ ತಾವರೆಯಂತಿದೆ’ ಅಂದರೆ ಉಪಮೆ, ‘ಮುಖವೇ ತಾವರೆ’ ಅಂದರೆ ರೂಪಕ. ಇಷ್ಟು ಮಕ್ಕಳಿಗೆ ಗೊತ್ತು. ಅದೇ ರೂಪಕವನ್ನು ಒಂದು ಕಥೆಯಷ್ಟು ಉದ್ದ ಎಳೆದು, ಉಪಮೇಯವನ್ನು (ಯಾವುದನ್ನು ಹೋಲಿಸುತ್ತೇವೋ ಅದನ್ನು, ಇಲ್ಲಿ ಮುಖವನ್ನು) ಮರೆಯಲ್ಲಿಟ್ಟರೆ ಅನ್ಯೋಕ್ತಿ. ಇಂಗ್ಲಿಷ್ ಮೇಷ್ಟ್ರು ಅಲಿಗರಿ ಅನ್ನೋದು ಹೆಚ್ಚುಕಡಿಮೆ ಇದನ್ನೇ. ತಾವರೆಯ ಕಥೆ ಪೂರ್ತಿ ಹೇಳ್ತೀರಿ, ಮುಖದ ಸುದ್ದಿ ಎತ್ತೋದೇ ಇಲ್ಲ.

ಉದಾಹರಣೆಗೆ ತೆಗೆದುಕೊಂಡದ್ದು ಶಿಶುನಾಳ ಶರೀಫರ (1819–1889) ‘ಸೋರುತಿಹುದು ಮನೆಯ ಮಾಳಿಗೆ’. ಮೊದಲ ದಿನ ಪಾಠ ಕೆಟ್ಟಿತು. ಬೋರ್ಡಿನ ಮೇಲೆ ‘ಮನೆ = ದೇಹ’ ಅಂತ ಬರೆದುಬಿಟ್ಟೆ, ಮಕ್ಕಳು ಸುಮ್ನೆ ಇಳಿಸಿಕೊಂಡರು. ಹಿಂದಿನ ಬೆಂಚಿನ ಹುಡುಗ ಮಾತ್ರ ಕೇಳಿದ: ‘ಸಾರ್, ಮಾಳಿಗೆ ಮೇಲೆ ಹುಲ್ಲು ಹೆಂಗೆ ಬೆಳೀತದೆ?’ ಅವನು ಕಂಡದ್ದು ಆರ್‌ಸಿಸಿ ಮನೆ.

ಪ್ರಶ್ನೆ ಸರಿಯಾಗೇ ಇತ್ತು. ಮರುದಿನ ಮಾಳಿಗೆಯಿಂದಲೇ ಶುರು ಮಾಡಿದೆ. ಉತ್ತರ ಕರ್ನಾಟಕದ ಹಳೇ ಮಣ್ಣಿನ ಮನೆಯಲ್ಲಿ ಮಾಳಿಗೆ ಅಂದರೆ ಚಾವಣಿ: ತೊಲೆ, ಅದರ ಮೇಲೆ ಜಂತಿ (ಅಡ್ಡಮರ), ಎಲ್ಲಕ್ಕೂ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಅದನ್ನು ನೋಡಿಕೊಳ್ಳದಿದ್ದರೆ ಕರಕಿ (ಗರಿಕೆ) ಬೇರು ಬಿಡುತ್ತದೆ, ಇರುವೆ ತೂತು ಮಾಡುತ್ತದೆ, ನೀರು ಅಲ್ಲಿಂದಲೇ ಇಳಿಯುತ್ತದೆ. ಈಗ ಶರೀಫರ ಹಾಡು ಓದಿಸಿ. ಮುರುಕು ತೊಲೆ, ಹುಳುಕು ಜಂತಿ, ಕರಕಿ ಹುಲ್ಲು, ಇರುವೆ, ಕೊನೆಗೆ ಹುಬ್ಬಿ ಮಳೆ (ಹುಬ್ಬೆ ನಕ್ಷತ್ರದ ಮಳೆ). ಯಾವುದೂ ಅರ್ಥಕ್ಕೋಸ್ಕರ ತುರುಕಿದ್ದಲ್ಲ. ಮನೆ ಹಾಳಾಗೋದೇ ಹಾಗೆ.

ಆಮೇಲೆ ಪಲ್ಲವಿಯ ‘ಅಜ್ಞಾನದಿಂದ’ ಅನ್ನುವ ಮಾತನ್ನು ಬೆರಳಿಂದ ಮುಚ್ಚಿಸಿ. ಉಳಿದದ್ದು ಒಂದು ಸೋರುವ ಮನೆಯ ಗೋಳು. ಬೆರಳು ತೆಗೆಸಿ. ಮಾಳಿಗೆಗೆ ಅಜ್ಞಾನ ಎಲ್ಲಿಂದ ಬಂತು? ಒಳಗಿನ ಅರ್ಥ ಸೋರುವುದು ಆ ತೂತಿನಿಂದಲೇ. (ಮುಂದೆ ‘ಭವ’, ಅಂದರೆ ಹುಟ್ಟುಸಾವಿನ ಸಂಸಾರ, ಅನ್ನುವ ಇನ್ನೊಂದು ತೂತಿದೆ, ಮಕ್ಕಳೇ ಹುಡುಕಲಿ.) ಆದರೆ ಇರುವೆ ಅಂದರೆ ಯಾರು, ಜಂತಿ ಅಂದರೆ ಯಾವ ಮೂಳೆ ಅಂತ ಪ್ರತಿಯೊಂದಕ್ಕೂ ಸಮಚಿಹ್ನೆ ಹಾಕಿಸಬೇಡಿ. ಅದು ಗೈಡ್ ಬರೆಯುವವರ ಚಟ.

ಮಕ್ಕಳಿಂದಲೇ ಒಂದು ಅನ್ಯೋಕ್ತಿ ಬರೆಸುವಾಗ ಜಾಸ್ತಿ ಜನ ‘ಸತ್ಯಪ್ಪ, ಸುಳ್ಳಪ್ಪ’ ಅಂತ ಹೆಸರಿಟ್ಟೇ ಶುರು ಮಾಡ್ತಾರೆ. ಬೈಯಬೇಡಿ. ಕೃಷ್ಣಮಿಶ್ರನ 11ನೇ ಶತಮಾನದ ಸಂಸ್ಕೃತ ನಾಟಕದಲ್ಲೂ ವಿವೇಕ, ಮಹಾಮೋಹ ಅನ್ನುವವರೇ ರಾಜರು. ಆದರೂ ಹೆಸರಲ್ಲೇ ಗುಟ್ಟು ರಟ್ಟಾದರೆ ಓದುವವರಿಗೆ ಕೆಲಸವೇ ಉಳಿಯೋದಿಲ್ಲ, ಅಲ್ವಾ? ಹಾಗಾಗಿ ನಾನು ಹೇಳಿದ್ದು ಇಷ್ಟೇ: ಕೈಯಲ್ಲಿ ಹಿಡಿದು ಗೊತ್ತಿರುವ ವಸ್ತುವಿನ ಕಥೆ ಬರೆಯಿರಿ. ಎಲ್ಲರೂ ಸೇರಿ ಕಟ್ಟಿದ್ದು ಇದು:

‘ಊರ ಬಾವಿಗೆ ಒಂದೇ ಹಗ್ಗ. ಸೊಪ್ಪು ಕಟ್ಟಲು ಒಬ್ಬಳು ಒಂದು ಎಳೆ ಬಿಚ್ಚಿಕೊಂಡಳು. ಕರು ಕಟ್ಟಲು ಒಬ್ಬ ಇನ್ನೊಂದು. ಹಗ್ಗ ಇನ್ನೂ ದಪ್ಪಗೇ ಕಾಣುತ್ತಿತ್ತು. ಒಂದು ಬೆಳಗ್ಗೆ ತುಂಬಿದ ಕೊಡ ಅರ್ಧಕ್ಕೆ ಬಂದಾಗ ತುಂಡಾಯಿತು. ನೀರು ಸೇದುತ್ತಿದ್ದ ಹುಡುಗಿಗೆ ಊರೆಲ್ಲ ಬೈದರು.’

ಯಾವುದರ ಕಥೆ ಇದು? ‘ಸ್ನೇಹ’ ಅಂದಳು ಒಬ್ಬಳು. ‘ಪಂಚಾಯ್ತಿ ದುಡ್ಡು’ ಅಂದರು ಹಲವರು. ಹಾಗಾದರೆ ಬೈಸಿಕೊಂಡ ಹುಡುಗಿ ಯಾರು ಅಂತ ಕೇಳಿದೆ. ಸ್ನೇಹದ ಕಡೆ ಆ ಜಾಗ ಖಾಲಿ ಉಳಿಯಿತು. ದುಡ್ಡಿನ ಕಡೆಯವರು ತಕ್ಷಣ ಹೇಳಿದರು: ಎಲ್ಲ ಖರ್ಚಾದ ಮೇಲೆ ಅಧ್ಯಕ್ಷೆಯಾದವಳು.

ಹಿಂದಿನ ಬೆಂಚಿನವನು ಮಾತ್ರ ಒಪ್ಪಲಿಲ್ಲ. ‘ಒಂದು ಎಳೆಗೆ ಕರು ನಿಲ್ಲಲ್ಲ ಸಾರ್.’ ಕರು ಬಿಟ್ಟು ಮಲ್ಲಿಗೆ ಬಳ್ಳಿ ಕಟ್ಟಿದೆವು.